ತಿಂಗಳು ತುಂಬದೆ ಹುಟ್ಟಿದವನ ಓಟ

ಭಾನುವಾರದ ಆರಾಧನೆಯ ಸಂದೇಶ
ವೇದಭಾಗ: 1 ಕೊರಿಂಥ 9:24–27, 15:8–10

ಕೂತ್ಕೊಳ್ಳಿ ಪ್ರಿಯರೇ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಚಾಪೆ ಖಾಲಿ ಇದೆ.

ನಮ್ಮ ತಂಗಿ ಎರಡು ಭಾಗ ಓದಿದಳು. ಎರಡೂ ಒಂದೇ ಪತ್ರಿಕೆಯಿಂದ. ಒಂಬತ್ತನೇ ಅಧ್ಯಾಯದಲ್ಲಿ ಪೌಲ ಓಟದ ವಿಷಯ ಮಾತಾಡ್ತಾನೆ. ಕೊರಿಂಥದವರಿಗೆ ಓಟ ಅಂದ್ರೆ ಚೆನ್ನಾಗಿ ಗೊತ್ತು. ಅವರ ಊರಿನ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡೆ ನಡೀತಿತ್ತು, ಗೆದ್ದವನ ತಲೆಗೆ ಸೊಪ್ಪಿನ ಕಿರೀಟ. ಹದಿನೈದನೇ ಅಧ್ಯಾಯಕ್ಕೆ ಬಂದ್ರೆ ಅದೇ ಪೌಲ ತನಗೆ ತಾನೇ ಒಂದು ಹೆಸರು ಇಟ್ಕೊಳ್ತಾನೆ. ಎದ್ದು ಬಂದ ಯೇಸು ಎಲ್ಲರಿಗೂ ಕಾಣಿಸಿಕೊಂಡ ಮೇಲೆ ಕೊನೆಗೆ ನನಗೂ ಕಾಣಿಸಿಕೊಂಡ, ನಾನೋ ತಿಂಗಳು ತುಂಬುವ ಮೊದಲೇ ಹೊರಗೆ ಬಂದ ಕೂಸಿನಂಥವನು ಅಂತಾನೆ. ಗ್ರೀಕಿನಲ್ಲಿ ಆ ಪದ 'ಎಕ್ತ್ರೋಮ'. ಬೈಬಲ್ ಕಾಲೇಜಿನಲ್ಲಿ ನಮಗೆ ಇದನ್ನ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ರು. ಅಕಾಲದಲ್ಲಿ ಹುಟ್ಟಿದ್ದು, ಬದುಕಲಾರದ್ದು, ಗರ್ಭ ಜಾರಿದ್ದು, ಇದಕ್ಕೆಲ್ಲ ಆ ಒಂದೇ ಪದ. ಕೊರಿಂಥದವರೇ ಪೌಲನನ್ನ ಹಾಗೆ ಹೀಯಾಳಿಸಿರಬಹುದು, ಅವನು ಅದೇ ಮಾತನ್ನ ಎತ್ತಿಕೊಂಡಿರಬಹುದು ಅಂತ ಕೆಲವು ಪಂಡಿತರು ಹೇಳ್ತಾರೆ. ನಾನು ಪರೀಕ್ಷೆಯಲ್ಲಿ ಅದನ್ನ ಬರೆದು ಮಾರ್ಕ್ಸ್ ತಗೊಂಡು ಮರೆತುಬಿಟ್ಟೆ.

ಓಡುವವನೂ ಅವನೇ, ತಿಂಗಳು ತುಂಬದ ಕೂಸೂ ಅವನೇ. ಇವತ್ತು ಆ ಎರಡರ ಬಗ್ಗೆ ಮಾತಾಡಬೇಕು. ಯಾಕೆ ಅಂತ ನಿಮಗೆಲ್ಲ ಗೊತ್ತು, ಬರೋ ಶನಿವಾರ ನಿಮ್ಮ ಪಾಸ್ಟರ್ ಓಡ್ತಾನೆ. (ನಗು) ನಗಬೇಡಿ. ಸರಿ, ನಗಿ. ತೂಕ 84 ಕೆಜಿ ಇದ್ದಾಗ ಶುರು ಮಾಡಿದೆ, ಈಗ 79. ವಾರದ ಆರು ದಿನ ಬೈಕ್ ಶೋರೂಮಿನಲ್ಲಿ ಕೂತು ಸರ್ವಿಸ್ ಬಿಲ್ ಬರೆಯೋನು ನಾನು. ಬೆಳಗ್ಗೆ ಐದಕ್ಕೆ ತಾಲೂಕು ಕ್ರೀಡಾಂಗಣದಲ್ಲಿ ಓಡುವಾಗ ನಾಯಿಗಳೂ ನನ್ನ ಹಿಂದೆ ಸ್ವಲ್ಪ ದೂರ ಬಂದು, ಇವನ ಜೊತೆ ಏನು ಓಡೋದು ಅಂತ ವಾಪಸ್ ಹೋಗ್ತವೆ.

42 ಕಿಲೋಮೀಟರ್. ನಮ್ಮ ಟ್ರ್ಯಾಕ್ ಒಂದು ಸುತ್ತು 400 ಮೀಟರ್. 105 ಸುತ್ತು, ಅದರ ಮೇಲೆ ಅರ್ಧ ಸುತ್ತು. ಬೆಂಗಳೂರಿಗೆ ಹೋಗಿ ದೊಡ್ಡ ಮ್ಯಾರಥಾನ್ ಓಡಬಹುದಿತ್ತು, ಟೀ ಶರ್ಟು ಮೆಡಲ್ಲು ಕೊಡ್ತಾರೆ. ಆದ್ರೆ ನೀವು ಬಂದು ನೋಡಬೇಕು, ಜೊತೆಗೆ ಒಂದು ಸುತ್ತು ನಡೀಬೇಕು ಅನ್ನೋದು ನನ್ನ ಆಸೆ. ಬರೋ ಹಣವೆಲ್ಲ ತಿಂಗಳು ತುಂಬದೆ ಹುಟ್ಟುವ ಕೂಸುಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಮೆಡಿಕಲ್ ಕಾಲೇಜಿನ ನಿಧಿಗೆ ಹೋಗುತ್ತೆ.

ಈ ವಿಷಯ ಹೇಳಿದ ವಾರವೇ ನಮ್ಮ ಸಭೆಯ ಹಿರಿಯರೊಬ್ಬರು ಮನೆಗೆ ಬಂದ್ರು. ನನಗೆ ತಂದೆ ಸಮಾನರು. ಚಹಾ ಕುಡಿದು ನೇರವಾಗಿ ಕೇಳಿದ್ರು: "ಅಯ್ಯನವರೇ, ನಾವು ಸ್ವಸ್ಥಪಡಿಸುವ ಯೇಸುವನ್ನ ಸಾರುವವರು. ಸಂಶೋಧನೆಗೆ ದುಡ್ಡು ಎತ್ತೋದು ಸಭೆಯ ಕೆಲಸವಾ? ಆಸ ರಾಜ ಕಾಲುಬೇನೆಯಲ್ಲಿ ವೈದ್ಯರ ಹತ್ತಿರ ಹೋದ, ಸತ್ತ ಅಂತ ಪೂರ್ವಕಾಲವೃತ್ತಾಂತದಲ್ಲಿ ಇಲ್ವಾ?"

ಒಳ್ಳೆಯ ಪ್ರಶ್ನೆ. ನನ್ನ ಬೆನ್ನ ಹಿಂದೆ ಕೇಳದೆ ಮುಖಕ್ಕೆ ಕೇಳಿದ್ರು, ಅದಕ್ಕೆ ಅವರಿಗೆ ಕೃತಜ್ಞತೆ. ಉತ್ತರಕ್ಕೆ ಆಮೇಲೆ ಬರ್ತೇನೆ. ಅದಕ್ಕಿಂತ ಮೊದಲು ನಾನೊಂದು ಪಾಪ ಒಪ್ಪಿಕೊಳ್ಳಬೇಕು. ಇದನ್ನ ಹೇಳೋದಕ್ಕೆ ಆ ಅಕ್ಕನ ಅನುಮತಿ ಕೇಳಿದ್ದೇನೆ. ಅವರು ಇವತ್ತು ಇಲ್ಲೇ ಇದ್ದಾರೆ. ಯಾರೂ ತಿರುಗಿ ನೋಡಬೇಡಿ, ದಯವಿಟ್ಟು.

ಏಳು ವರ್ಷದ ಹಿಂದಿನ ಮಾತು. ನಾನು ಡಿಪ್ಲೊಮಾ ಮುಗಿಸಿ ಬಂದ ಹೊಸತು. ಬಾಯಲ್ಲಿ ವಾಕ್ಯ ತುಂಬಿತ್ತು, ತಲೆಯಲ್ಲಿ ಇನ್ನೂ ಹೆಚ್ಚು ತುಂಬಿತ್ತು. ನಮ್ಮ ಸಭೆಯ ಒಬ್ಬ ಅಕ್ಕನಿಗೆ ಏಳನೇ ತಿಂಗಳಲ್ಲಿ ರಾತ್ರಿ ನೋವು ಬಂತು. ಆಸ್ಪತ್ರೆಗೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆ. ಗಂಡುಕೂಸು. ಎರಡು ದಿನ ಇತ್ತು. ಮಣ್ಣು ಮಾಡಿ ಬಂದ ಸಂಜೆ ನಾನು ಅವರ ಮನೆಗೆ ಹೋದೆ. ಸುಮ್ಮನೆ ಕೂತು ಬಂದಿದ್ದರೆ ಸಾಕಿತ್ತು. ಆದರೆ ನಾನು ಹೇಳಿದೆ: "ಅಕ್ಕ, ಬಸುರಿಯಾದಾಗಿಂದ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ನೀವು ಬರ್ತಾ ಇರಲಿಲ್ಲ. ಇನ್ನು ಮುಂದೆ ನಂಬಿಕೆಯಲ್ಲಿ ಗಟ್ಟಿಯಾಗಿ." ಆ ಅಕ್ಕ ನನ್ನ ಮುಖ ನೋಡಿದ್ರು. ಏನೂ ಹೇಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ರು.

ನಾನು ಆ ನೀರು ಕುಡಿದು, ಒಳ್ಳೆಯ ಸೇವೆ ಮಾಡಿದೆ ಅಂದ್ಕೊಂಡು ಮನೆಗೆ ಬಂದೆ.

ಪ್ರಿಯರೇ, ಕೂಸು ಬೇಗ ಬಂದ ಮನೆಯಲ್ಲಿ ತಾಯಿಗೆ ಎಷ್ಟು ಮಾತು ಬೀಳುತ್ತೆ ಗೊತ್ತಾ? ಪರಂಗಿ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು, ಭಾರ ಎತ್ತಿದಳು, ಗಾಡಿ ಮೇಲೆ ಹೋದಳು. ಊರವರು ಅಷ್ಟು ಹೇಳಿದ್ರೆ ನಾವು ಸಭೆಯವರು ಅದಕ್ಕೆ ವಾಕ್ಯ ಸೇರಿಸಿ ಇನ್ನೊಂದು ಕಲ್ಲು ಇಡ್ತೇವೆ. ರಕ್ತದೊತ್ತಡ, ಸೋಂಕು, ಅವಳಿ ಕೂಸು, ಹೀಗೆ ಕೆಲವು ಕಾರಣ ವೈದ್ಯರಿಗೆ ಗೊತ್ತು. ಎಷ್ಟೋ ಸಲ ಅವರೂ ಕಾರಣ ಕಾಣದೆ ಕೈ ಚೆಲ್ಲುತ್ತಾರೆ. ಓದಿದ ವೈದ್ಯರೇ ಗೊತ್ತಿಲ್ಲ ಅಂತ ತಗ್ಗಿ ಹೇಳುವಾಗ ಪಾಸ್ಟರಿಗೆ ಮಾತ್ರ ಕಾರಣ ಗೊತ್ತಿರುತ್ತೆ!

ಮೂರು ವರ್ಷ ಕಳೀತು. ನನ್ನ ಹೆಂಡತಿಗೆ 30ನೇ ವಾರ. ಕಾಲು ಬಾತು, ತಲೆನೋವು, ಕಣ್ಣು ಮಂಜು. ಬಿಪಿ ನೋಡಿದ ನರ್ಸ್ ಮುಖ ಬದಲಾಯ್ತು. ಇಬ್ಬರನ್ನೂ ಉಳಿಸಬೇಕಾದ್ರೆ ಕೂಸನ್ನ ಬೇಗ ಹೊರಗೆ ತೆಗೀಬೇಕು, ಎರಡು ದಿನ ಎಳೆಯೋಕೆ ನೋಡ್ತೇವೆ ಅಂದ್ರು. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಕೊಟ್ರು. ಯಾಕೆ ಅಂತ ಕೇಳಿದೆ. "ತಾಯಿಗಲ್ಲ, ಕೂಸಿನ ಶ್ವಾಸಕೋಶಕ್ಕೆ" ಅಂದ್ರು.

ಹೆಣ್ಣುಕೂಸು. 1,240 ಗ್ರಾಂ. ಬೈಬಲ್ ಮುಚ್ಚಿಟ್ಟರೆ ಹೆಚ್ಚು ಕಡಿಮೆ ಅಷ್ಟೇ ಉದ್ದ. ಮೂಗಿಗೆ ಸಣ್ಣ ಕೊಳವೆ, ಅದರ ಇನ್ನೊಂದು ತುದಿ ನೀರಿನಲ್ಲಿ, ನೀರು ಗುಳುಗುಳು ಅಂತ ಗುಳ್ಳೆ ಬಿಡ್ತಾ ಇರುತ್ತೆ. ಆ ಗುಳ್ಳೆಯ ಶಬ್ದ ನಿಂತ್ರೆ ನನ್ನ ಉಸಿರು ನಿಲ್ತಿತ್ತು. ನಾನು ಬಾಗಿಲ ಹತ್ತಿರ ನಿಂತು ನಮ್ಮ ಅಭ್ಯಾಸದ ಪ್ರಕಾರ ಜೋರಾಗಿ ಪ್ರಾರ್ಥನೆ ಶುರು ಮಾಡಿದೆ. ನರ್ಸಮ್ಮ ಓಡಿ ಬಂದು, "ಫಾದರ್, ಮೆಲ್ಲಗೆ! ಈ ಕೂಸುಗಳಿಗೆ ಶಬ್ದ ಆಗಲ್ಲ. ನಿಮ್ಮ ದೇವರಿಗೆ ಮೆಲ್ಲಗೆ ಹೇಳಿದ್ರೆ ಕೇಳಲ್ವಾ?" ಅಂದ್ರು. ನಾನು ಫಾದರ್ ಅಲ್ಲ, ಪಾಸ್ಟರ್ ಅಂತ ಹೇಳೋ ಧೈರ್ಯವೂ ಬರಲಿಲ್ಲ. ಹನ್ನಳ ಪ್ರಾರ್ಥನೆ ನೆನಪಾಯ್ತು. ತುಟಿ ಮಾತ್ರ ಅಲ್ಲಾಡ್ತಿತ್ತಲ್ವಾ ಆಕೆಗೆ?

41 ದಿನ. ಸ್ವಲ್ಪ ಸುಧಾರಿಸಿದ ಮೇಲೆ ಕೂಸನ್ನ ಎದೆಗೆ ಕಟ್ಟಿಕೊಳ್ಳೋಕೆ ಹೇಳಿದ್ರು, ಕಾಂಗರೂ ಥರ. ಹೆಂಡತಿಗೆ ಇನ್ನೂ ಬಿಪಿ ಇಳಿದಿರಲಿಲ್ಲ, ಹಾಗಾಗಿ ಮೊದಲು ಕೂತವನು ನಾನು. ಅಂಗಿ ಬಿಚ್ಚಿ, ಕೂಸನ್ನ ಎದೆ ಮೇಲೆ ಇಟ್ಟು, ಮೇಲೆ ಬಟ್ಟೆ ಸುತ್ತಿ. ನನ್ನ ಉಸಿರಿನ ಜೊತೆ ಅದು ಏರ್ತಿತ್ತು, ಇಳೀತಿತ್ತು.

ಆ 41 ದಿನದಲ್ಲಿ ನಮಗೆ ಮಧ್ಯಾಹ್ನದ ಊಟ ಯಾರು ತಂದ್ರು ಗೊತ್ತಾ? ಆ ಅಕ್ಕ. ಎರಡು ಬಸ್ ಬದಲಾಯಿಸಿ, ಸ್ಟೀಲ್ ಡಬ್ಬಿಯಲ್ಲಿ ಅನ್ನ, ಸಾರು, ಹೆಂಡತಿಗೆ ಬೇರೆ ಗಂಜಿ. ಬರ್ತಿದ್ರು, ಡಬ್ಬಿ ಕೊಡ್ತಿದ್ರು, ಎನ್‌ಐಸಿಯು ಹೊರಗಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಹೋಗ್ತಿದ್ರು. ಒಳಗೆ ಬನ್ನಿ, ಗಾಜಿನಿಂದ ಕೂಸು ಕಾಣುತ್ತೆ ಅಂತ ಒಂದು ಸಲ ಕರೆದೆ. "ಬೇಡ ಅಯ್ಯ, ನನಗೆ ಆಗಲ್ಲ" ಅಂದ್ರು. ಆವಾಗ ನನಗೆ ಆ ನೀರಿನ ಲೋಟ ನೆನಪಾಯ್ತು.

ಮಗಳು ಮನೆಗೆ ಬಂದಳು. ನಾನು ಸಾಕ್ಷಿ ಹೇಳಿದೆ, ನಿಮ್ಮಲ್ಲಿ ಅನೇಕರು ಹಲ್ಲೆಲೂಯ ಅಂದ್ರಿ. ದೇವರು ನನ್ನ ಕಣ್ಣೀರು ನೋಡಿದ, ನನ್ನ ಪ್ರಾರ್ಥನೆ ಕೇಳಿದ ಅಂದೆ. ಸುಳ್ಳಲ್ಲ ಅದು. ಆದರೆ ಮೂರನೇ ಸಾಲಿನಲ್ಲಿ ಅಕ್ಕ ಕೂತಿದ್ರು. ನನ್ನ ಪ್ರಾರ್ಥನೆ ಕೇಳಿದ ಅಂತ ನಾನು ಕೂಗಿ ಹೇಳುವಾಗ ಅವರ ಕಿವಿಗೆ ಏನು ಕೇಳಿಸಿರಬೇಕು? ಆರಾಧನೆ ಮುಗಿದ ಮೇಲೆ ಅಕ್ಕ ಹತ್ತಿರ ಬಂದು ಮಗಳ ಕಾಲು ಮುಟ್ಟಿ ನೋಡಿದ್ರು. ಆಮೇಲೆ ಕೇಳಿದ್ರು: "ಅಯ್ಯ, ಪಾಸ್ಟರಮ್ಮನಿಗೆ ಕೊಟ್ರಲ್ಲ ಆ ಇಂಜೆಕ್ಷನ್, ನನಗೆ ಕೊಟ್ಟಿರಲಿಲ್ಲ ಅಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದು ಸುಲಭ ಆಗಲಿಲ್ಲ. ಅಕ್ಕನಿಗೆ ಸಮಯವೇ ಇರಲಿಲ್ಲ. ಆ ಮದ್ದು ಕೆಲಸ ಮಾಡೋಕೆ ಗಂಟೆಗಳು ಬೇಕು, ಅವರಿಗೆ ಸಿಕ್ಕಿದ್ದು ನಿಮಿಷಗಳು. ಯಾರ ತಪ್ಪೂ ಅಲ್ಲ. ಉಪವಾಸದ ವಿಷಯವಂತೂ ಅಲ್ಲವೇ ಅಲ್ಲ. ಅಕ್ಕ, ಇಷ್ಟು ಜನರ ಮುಂದೆ ಹೇಳ್ತೇನೆ, ಆ ಸಂಜೆ ನಾನು ಹೇಳಿದ್ದು ದೇವರ ಮಾತಾಗಿರಲಿಲ್ಲ. ನನ್ನನ್ನ ಕ್ಷಮಿಸಿ.

(ಸ್ವಲ್ಪ ಹೊತ್ತು ಮೌನ)

ಆ ಇಂಜೆಕ್ಷನ್ ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದ್ದೇ ಅಕ್ಕನ ಪ್ರಶ್ನೆಯಿಂದ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಅಂತ ಒಬ್ಬ ವೈದ್ಯ. ಹೆರಿಗೆ ನೋವು ಹೇಗೆ ಶುರುವಾಗುತ್ತೆ ಅಂತ ಕುರಿಗಳ ಮೇಲೆ ಅಧ್ಯಯನ ಮಾಡ್ತಿದ್ದ. ಸ್ಟಿರಾಯ್ಡ್ ಕೊಟ್ಟಾಗ ಮರಿಗಳು ಬೇಗ ಹುಟ್ಟಿದವು. ಅಷ್ಟು ಎಳೆಯ ಮರಿ ಉಸಿರಾಡಬಾರದು, ಸಾಯಬೇಕು. ಆದ್ರೆ ಒಂದು ಮರಿ ಉಸಿರಾಡ್ತಾ ಇತ್ತು. ಬೇರೆಯವರಾದ್ರೆ ಏನೋ ಅಪರೂಪಕ್ಕೆ ಬದುಕಿದೆ ಅಂತ ಬಿಡ್ತಿದ್ರು. ಆತ ಬಿಡಲಿಲ್ಲ. ರಾಸ್ ಹೋವಿ ಅನ್ನೋ ಮಕ್ಕಳ ವೈದ್ಯನ ಜೊತೆ ಸೇರಿ ಅದನ್ನ ಬಸುರಿ ತಾಯಂದಿರಲ್ಲಿ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದ್ರು. ಒಂದು ಕುರಿಮರಿಯನ್ನ ಒಬ್ಬ ಗಮನಿಸಿದ್ದಕ್ಕೆ ನನ್ನ ಮಗಳ ಶ್ವಾಸಕೋಶ ಅರಳಿತು. ಕುರುಬನನ್ನ ರಾಜನನ್ನಾಗಿ ಮಾಡಿದ ದೇವರನ್ನ ನಂಬುವ ನಮಗೆ ಇದು ಆಶ್ಚರ್ಯ ಆಗಬಾರದು.

ಎಲ್ಲಾ ಕಡೆ ವೈದ್ಯರು ಇದನ್ನ ಬಳಸೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು. ಅಮೆರಿಕದಲ್ಲಿ ತಜ್ಞರೆಲ್ಲ ಕೂತು ಒಪ್ಪಿದ್ದು 1994ರಲ್ಲಿ. ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲಿ ಇದು ಸುರಕ್ಷಿತವಾ ಅನ್ನೋ ಪ್ರಶ್ನೆಗೆ ದೊಡ್ಡ ಉತ್ತರ ಬಂದಿದ್ದು 2020ರಲ್ಲಿ. ಐದು ದೇಶಗಳ ಆ ಅಧ್ಯಯನದಲ್ಲಿ ಭಾರತ ಇತ್ತು, ನಮ್ಮ ಬೆಳಗಾವಿಯವರೂ ಇದ್ರು.

ಶ್ವಾಸಕೋಶದ ವಿಷಯ ಇನ್ನೂ ಸ್ವಲ್ಪ ಹೇಳ್ಬೇಕು. ನಮ್ಮ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಾಳಿಚೀಲ ಇವೆ. ಒಳಗೆ ಒಂದು ಜಾರುವ ದ್ರವ ಇರುತ್ತೆ, ಸರ್ಫ್ಯಾಕ್ಟಂಟ್ ಅಂತಾರೆ. ಅದಿಲ್ಲದಿದ್ರೆ ಉಸಿರು ಬಿಟ್ಟಾಗೆಲ್ಲ ಚೀಲ ಅಂಟಿಕೊಳ್ಳುತ್ತೆ, ಒದ್ದೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡ ಹಾಗೆ. ಪ್ರತಿ ಉಸಿರಿಗೂ ಹೊಸದಾಗಿ ಬಿಡಿಸಬೇಕು. ಎಳೆಯ ಕೂಸಿಗೆ ಎಲ್ಲಿಂದ ಆ ಶಕ್ತಿ? ಇದನ್ನ 1959ರಲ್ಲಿ ಕಂಡುಹಿಡಿದವರು ಮೇರಿ ಎಲೆನ್ ಆವೆರಿ ಅನ್ನೋ ವೈದ್ಯೆ ಮತ್ತು ಆಕೆಯ ಜೊತೆಗಾರ. ಕಾರಣ ಗೊತ್ತಾಯ್ತು, ಮದ್ದು ಇರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಒಬ್ಬ ಮಗ ಹುಟ್ಟಿದ, ಐದೂವರೆ ವಾರ ಮುಂಚೆ. ಹೆಸರು ಪ್ಯಾಟ್ರಿಕ್. ತೂಕ ಎರಡು ಕೆಜಿಗಿಂತ ಹೆಚ್ಚು, ನನ್ನ ಮಗಳಿಗಿಂತ ಎಷ್ಟೋ ದೊಡ್ಡವನು. ಅಪ್ಪ ಲೋಕದಲ್ಲೇ ಬಲಿಷ್ಠ, ಆಸ್ಪತ್ರೆಗೆ ಏನೂ ಕಡಿಮೆ ಇಲ್ಲ. 39 ಗಂಟೆ ಬದುಕಿದ. ಆ ದ್ರವವನ್ನ ಹಸುವಿನ ಶ್ವಾಸಕೋಶದಿಂದ ತಯಾರಿಸಿ ಕೂಸುಗಳಿಗೆ ಕೊಟ್ಟು ಉಳಿಸಬಹುದು ಅಂತ ಜಪಾನಿನ ಫುಜಿವಾರಾ ತೋರಿಸಿದ್ದು 1980ರಲ್ಲಿ. ಆಗ ಕೊಟ್ಟಿದ್ದು ಹತ್ತೇ ಕೂಸುಗಳಿಗೆ.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರ್ತೇನೆ. ಆಸ ರಾಜನ ವಿಷಯ ಪೂರ್ತಿ ಓದಿ, ಎರಡನೇ ಪೂರ್ವಕಾಲವೃತ್ತಾಂತ 16. ವೈದ್ಯರಿದ್ದದ್ದು ಅವನ ತಪ್ಪಲ್ಲ, ಕರ್ತನನ್ನ ಬಿಟ್ಟದ್ದು ತಪ್ಪು. ಹಿಜ್ಕೀಯನ ಹುಣ್ಣಿಗೆ ಅಂಜೂರದ ಮದ್ದು ಹಚ್ಚಿ ಅಂದವನು ಯಾರು? ಪ್ರವಾದಿ ಯೆಶಾಯನೇ. ಪೌಲನ ಜೊತೆ ಇದ್ದ ಲೂಕ ಏನು ಕೆಲಸದವನು? ವೈದ್ಯ. ಐಗುಪ್ತದಲ್ಲಿ ಗಂಡುಕೂಸುಗಳನ್ನ ಉಳಿಸೋಕೆ ದೇವರು ಉಪಯೋಗಿಸಿದ್ದು ಸೂಲಗಿತ್ತಿಯರನ್ನ. ಇವತ್ತು ಓದಿದ ಭಾಗದಲ್ಲೇ ಪೌಲ ಏನು ಅಂತಾನೆ? ಎಲ್ಲರಿಗಿಂತ ಹೆಚ್ಚು ದುಡಿದೆ, ಆದರೂ ದುಡಿದದ್ದು ನಾನಲ್ಲ, ಕೃಪೆ ಅಂತಾನೆ. ಕೃಪೆ ಇದೆ ಅಂತ ದುಡಿಮೆ ಬಿಡಲಿಲ್ಲ, ದುಡಿದೆ ಅಂತ ಕೃಪೆ ಮರೆಯಲಿಲ್ಲ. ನಾನು ಇವತ್ತಿಗೂ ಕೈಯಿಟ್ಟು ಪ್ರಾರ್ಥನೆ ಮಾಡ್ತೇನೆ, ಮುಂದೆಯೂ ಮಾಡ್ತೇನೆ. ಯೇಸು ಸ್ವಸ್ಥಪಡಿಸ್ತಾನೆ. ಆದ್ರೆ ಒಂದು ಕೂಸು ಉಳಿದು ಇನ್ನೊಂದು ಹೋದಾಗ, ಉಳಿದ ಮನೆಯ ನಂಬಿಕೆ ದೊಡ್ಡದು ಅಂತ ಇನ್ನು ಈ ವೇದಿಕೆಯಿಂದ ಯಾರೂ ಹೇಳಬಾರದು. ನಾನಂತೂ ಹೇಳಲ್ಲ. ಯಾಕೆ ಹಾಗಾಯ್ತು ಅಂತ ನನಗೆ ಗೊತ್ತಿಲ್ಲ, ಪ್ರಿಯರೇ. ನಾಲ್ಕು ವರ್ಷದಿಂದ ದೇವರನ್ನ ಕೇಳ್ತಾ ಇದ್ದೇನೆ.

ಓಡೋದು ಯಾಕೆ, ಹಣ ಕೊಟ್ಟರೆ ಸಾಲದಾ ಅಂತ ಯೌವನಸ್ಥರು ಕೇಳಿದ್ರಿ. ಇದು ಹರಕೆ ಅಲ್ಲ. ನನ್ನ ಮೊಣಕಾಲು ನೋವು ನೋಡಿ ದೇವರ ಮನಸ್ಸು ಕರಗಬೇಕಾಗಿಲ್ಲ, ಶಿಲುಬೆಯಲ್ಲೇ ಆತನ ಮನಸ್ಸು ಏನು ಅಂತ ಗೊತ್ತಾಗಿದೆ. ಹಣವನ್ನ ಸುಮ್ಮನೆ ಪೆಟ್ಟಿಗೆಗೆ ಹಾಕಿದ್ರೆ ಯಾರೂ ಏನೂ ಕೇಳಲ್ಲ. ಒಬ್ಬ ಮನುಷ್ಯ ಬಿಸಿಲಲ್ಲಿ ಸುತ್ತಿದ ಜಾಗವನ್ನೇ ಸುತ್ತುತ್ತಾ ಇದ್ರೆ ದಾರಿಹೋಕ ನಿಂತು ಕೇಳ್ತಾನೆ. ಕ್ರೀಡಾಂಗಣದ ವಾಚ್‌ಮನ್ ಕೇಳಿದ. ಹೇಳಿದೆ. "ನಮ್ಮ ಮನೆಯಲ್ಲೂ ಒಂದು ಹೋಗಿದೆ ಸರ್, ಎಂಟನೇ ತಿಂಗಳು" ಅಂದ. ಎರಡು ವರ್ಷದಿಂದ ಅವನಿಗೆ ನಮಸ್ಕಾರ ಹೇಳ್ತಿದ್ದೆ, ಇದು ಗೊತ್ತಿರಲಿಲ್ಲ.

ಎನ್‌ಐಸಿಯು ಹೊರಗೆ ಕೂತವರಿಗೆ ಗೊತ್ತು, ಅಲ್ಲಿ ಯಾರೂ ಮುಂದಿನ ತಿಂಗಳ ಮಾತಾಡಲ್ಲ. ಇವತ್ತು ಎಷ್ಟು ಎಂಎಲ್ ಹಾಲು, ಇವತ್ತು ಎಷ್ಟು ಗ್ರಾಂ. 30ನೇ ಕಿಲೋಮೀಟರಿನ ನಂತರ ನನಗೂ ಅಷ್ಟೇ, ಈ ಸುತ್ತು, ಆ ಕಂಬ. ಎರಡು ವಾರದ ಹಿಂದೆ 32 ಕಿಲೋಮೀಟರಿಗೆ ನಿಂತುಬಿಟ್ಟೆ, ಹುಲ್ಲಿನ ಮೇಲೆ ಮಲಗಿದೆ. ಅದನ್ನೂ ನಿಮಗೆ ಹೇಳ್ಬೇಕು. ಶನಿವಾರ ಪೂರ್ತಿ ಆಗುತ್ತೆ ಅಂತ ನಾನು ವಾಗ್ದಾನ ಮಾಡಲ್ಲ. ಓಡ್ತೇನೆ, ಆಗದಿದ್ರೆ ನಡೀತೇನೆ. ಡಾಕ್ಟರ ಹತ್ತಿರ ಎದೆ ತೋರಿಸಿಕೊಂಡಿದ್ದೇನೆ, ಹೆಂಡತಿ ಭಯಪಡಬೇಡ.

ಹಣದ ವಿಷಯ. 1938ರಲ್ಲಿ ಅಮೆರಿಕದಲ್ಲಿ ಪೋಲಿಯೋಗೆ ಮದ್ದು ಹುಡುಕೋಕೆ ಜನರನ್ನ ಒಂದೊಂದು ಡೈಮ್ ಕಳಿಸಿ ಅಂದ್ರು, ಹತ್ತು ಸೆಂಟಿನ ಸಣ್ಣ ನಾಣ್ಯ. ಅಧ್ಯಕ್ಷರ ಮನೆಗೆ ಚೀಲ ಚೀಲ ಬಂದು ಬಿತ್ತು, ಲಕ್ಷಗಟ್ಟಲೆ ನಾಣ್ಯ. 'ಮಾರ್ಚ್ ಆಫ್ ಡೈಮ್ಸ್' ಅಂತ ಹೆಸರಾಯ್ತು. 1955ರಲ್ಲಿ ಸಾಲ್ಕ್ ಅವರ ಲಸಿಕೆ ಬಂತು, ಆ ನಾಣ್ಯಗಳಿಂದಲೇ. ಪೋಲಿಯೋ ಮುಗಿದ ಮೇಲೆ ಅದೇ ಸಂಸ್ಥೆ ಕೂಸುಗಳ ಕಡೆ ತಿರುಗಿತು. 1970ರಲ್ಲಿ ಜನರನ್ನ ರಸ್ತೆಗೆ ಇಳಿಸಿ ನಡೆಸಿ ಹಣ ಕೂಡಿಸೋಕೆ ಶುರು ಮಾಡಿದ್ರು. ವಿಧವೆಯ ಎರಡು ಕಾಸಿನ ಬಗ್ಗೆ ಎಷ್ಟು ಸಲ ಕೇಳಿದ್ದೀರಿ ನೀವು! ಯೇಸು ಕಾಣಿಕೆ ಪೆಟ್ಟಿಗೆ ಎದುರು ಕೂತು ನೋಡಿದ್ದು ದೊಡ್ಡ ನೋಟನ್ನಲ್ಲ.

ಕೆಲಸ ಇನ್ನೂ ಬಹಳ ಇದೆ. 2020ರಲ್ಲಿ ಲೋಕದಲ್ಲಿ 1 ಕೋಟಿ 34 ಲಕ್ಷ ಕೂಸುಗಳು ತಿಂಗಳು ತುಂಬದೆ ಹುಟ್ಟಿದವು, ಹತ್ತರಲ್ಲಿ ಒಂದು. ನಮ್ಮ ದೇಶದಲ್ಲೇ ಸುಮಾರು 30 ಲಕ್ಷ, ಎಲ್ಲಾ ದೇಶಗಳಿಗಿಂತ ಹೆಚ್ಚು. ಎಲ್ಲದಕ್ಕೂ ದುಬಾರಿ ಯಂತ್ರವೇ ಬೇಕು ಅಂತೇನಿಲ್ಲ. ಎದೆಗೆ ಕಟ್ಟಿಕೊಳ್ಳೋದನ್ನ ಶುರು ಮಾಡಿದ್ದು 1978ರ ಹೊತ್ತಿಗೆ, ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ಡಾಕ್ಟರ್, ಇನ್‌ಕ್ಯುಬೇಟರ್ ಸಾಲದೆ ಇದ್ದಾಗ. ಹುಟ್ಟಿದ ಕೂಡಲೇ ಹಾಗೆ ಮಾಡಿದ್ರೆ ಏನಾಗುತ್ತೆ ಅಂತ ಐದು ದೇಶಗಳಲ್ಲಿ ನೋಡಿ 2021ರಲ್ಲಿ ಪ್ರಕಟಿಸಿದ್ರು, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಸಾವು ಕಾಲು ಭಾಗ ಕಡಿಮೆ ಆಯ್ತು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರ್ಕಾರದ ಜೊತೆ ಸೇರಿ ಇದನ್ನ ಆಸ್ಪತ್ರೆಯಿಂದ ಮನೆ ತನಕ ಹೇಗೆ ಮುಟ್ಟಿಸೋದು ಅಂತ ಅಧ್ಯಯನ ಮಾಡಿದ್ದಾರೆ. ತಾಯಿಯ ಎದೆಯ ಬಿಸಿ ಎಷ್ಟು ಕೆಲಸ ಮಾಡುತ್ತೆ ಅಂತ ಲೆಕ್ಕ ಹಾಕಿ ತೋರಿಸೋಕೂ ಸಂಶೋಧನೆಯೇ ಬೇಕಾಯ್ತು.

ಹೊರಗೆ ಟೇಬಲ್ ಮೇಲೆ 105 ಚೀಟಿ ಇದೆ, ಒಂದು ಸುತ್ತಿಗೆ ಒಂದು ಚೀಟಿ. ಒಂದು ಮನೆಗೆ ಒಂದು ಸುತ್ತು. ನೂರು ರೂಪಾಯಿ ಅಂತ ಬರೆದಿದ್ದೇವೆ, ಹತ್ತು ರೂಪಾಯಿ ಇದ್ರೂ ಚೀಟಿ ತಗೊಳ್ಳಿ. ಹಣ ನನ್ನ ಕೈಗಲ್ಲ, ನನ್ನ ಫೋನ್‌ಪೇಗೂ ಅಲ್ಲ, ನೇರವಾಗಿ ಆ ನಿಧಿಯ ಖಾತೆಗೆ. ರಸೀದಿ ಬಾಗಿಲಿಗೆ ಅಂಟಿಸ್ತೇವೆ. ಪಾಸ್ಟರುಗಳ ಹಣದ ಬಗ್ಗೆ ಊರು ಏನು ಮಾತಾಡುತ್ತೆ ಅಂತ ನನಗೆ ಗೊತ್ತು, ಅದರಲ್ಲಿ ಕೆಲವು ನಿಜವೂ ಹೌದು. ಚೀಟಿ ಮೇಲೆ ನಿಮ್ಮ ಹೆಸರೇ ಬರೀಬೇಕಂತಿಲ್ಲ. ಕಳಕೊಂಡ ಕೂಸಿಗೆ ಹೆಸರು ಇಟ್ಟಿದ್ರೆ ಆ ಹೆಸರು ಬರೀರಿ, ಹೆಸರು ಇಟ್ಟಿರದಿದ್ರೆ ತಿಂಗಳು ಬರೀರಿ. ಆ ಸುತ್ತಿನಲ್ಲಿ ಚೀಟಿ ನನ್ನ ಕೈಯಲ್ಲಿರುತ್ತೆ. ಮೊದಲನೇ ಸುತ್ತನ್ನ ಅಕ್ಕ ಈಗಾಗಲೇ ತಗೊಂಡಿದ್ದಾರೆ. ಆ ಸುತ್ತು ನಾನು ಓಡಲ್ಲ, ಇಬ್ಬರೂ ನಡೀತೇವೆ.

ಶನಿವಾರ ಬೆಳಗ್ಗೆ ನಾಲ್ಕೂವರೆಗೆ ಗೇಟ್ ತೆರೀತಾರೆ. ನೀರು, ಒಆರ್‌ಎಸ್ ನೋಡ್ಕೊಳ್ಳೋದು ಯೌವನಸ್ಥರ ಜವಾಬ್ದಾರಿ. ಸ್ಪೀಕರ್ ತರಬೇಡಿ, ಪಕ್ಕದಲ್ಲಿ ಮನೆಗಳಿವೆ.

ಎಲ್ಲರೂ ಎದ್ದು ನಿಲ್ಲೋಣ. ಅಕ್ಕ, ಇವತ್ತು ನಾನು ಪ್ರಾರ್ಥನೆ ಮಾಡಲ್ಲ. ನೀವು ಮಾಡ್ತೀರಾ? ಮೆಲ್ಲಗೆ ಮಾಡಿದ್ರೂ ಸಾಕು.